ಊಟ ಆಯ್ತಾ, ಕ್ಯಾಪ್ಟನ್?

ರಾತ್ರಿ ಎರಡು ದಾಟಿ ಹತ್ತು ನಿಮಿಷ. ಜಯನಗರದ ಅಡ್ಡರಸ್ತೆಯೊಂದರಲ್ಲಿ ಬಿಳಿ ಕಾರು ದೀಪ ಆರಿಸಿ ನಿಂತಿದೆ. ಚಾಲಕ ಸೀಟು ಹಿಂದಕ್ಕೆ ಬಾಗಿಸಿಕೊಂಡು, ಮೊಬೈಲ್ ನೋಡುತ್ತ ಕಣ್ಣು ಮುಚ್ಚದಂತೆ ಹೆಣಗುತ್ತಿದ್ದಾನೆ. ಎದುರಿನ ಮನೆಯ ಅಡುಗೆಮನೆಯಲ್ಲಷ್ಟೇ ದೀಪ.

‘ಒಂದು ಲೋಟ ಹಾಲಾದ್ರೂ ಕುಡಿದು ಹೋಗೇ.’

‘ಈ ಹೊತ್ತಲ್ಲಿ ಗಂಟಲಲ್ಲಿ ಏನೂ ಇಳಿಯಲ್ಲಮ್ಮ.’

ಬಿಳಿ ಅಂಗಿ, ಹೆಗಲ ಮೇಲೆ ನಾಲ್ಕು ಪಟ್ಟಿ, ಒಂದು ಕೈಯಲ್ಲಿ ಗಾಲಿಪೆಟ್ಟಿಗೆ, ಇನ್ನೊಂದರಲ್ಲಿ ಅಮ್ಮ ಬಲವಂತವಾಗಿ ತುರುಕಿದ ಡಬ್ಬಿಯ ಚೀಲ. ಕ್ಯಾಪ್ಟನ್ ಹೊರಟಳು. ವಿಮಾನ ಏಳುವುದು ಐದಕ್ಕೆ. ಅದಕ್ಕೆ ಒಂದು ಗಂಟೆ ಮೊದಲು ನಿಲ್ದಾಣದಲ್ಲಿ ರಿಪೋರ್ಟ್ ಮಾಡಬೇಕು. ನಿಲ್ದಾಣ ಇರುವುದು ನಲವತ್ತು ಕಿಲೋಮೀಟರ್ ಆಚೆ, ದೇವನಹಳ್ಳಿಯ ಬಳಿ. ನಿನ್ನೆ ರಾತ್ರಿ ಏಳಕ್ಕೇ ಉಂಡು, ಎಂಟಕ್ಕೆ ಮಲಗಲು ಹೋಗಿ, ಪಕ್ಕದ ಮನೆಯ ಟಿ.ವಿ ಸದ್ದಿಗೆ ಹತ್ತರವರೆಗೂ ಹೊರಳಾಡಿ, ಒಂದೂವರೆಗೆ ಎದ್ದಿದ್ದಾಳೆ.

ಇವಳು ನನ್ನ ಊಹೆಯ ಕ್ಯಾಪ್ಟನ್. ಆದರೆ ಇಂಥ ಕಾರು, ಇಂಥ ದೀಪ, ಇಂಥ ಡಬ್ಬಿ ಬೆಂಗಳೂರಿನ ಹತ್ತಾರು ಬಡಾವಣೆಗಳಲ್ಲಿ ದಿನವೂ ಉಂಟು. ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಮಂದಿ ಮಹಿಳೆಯರು, ಹಾಗಾಗಿ ಊಹೆ ತೀರಾ ದೂರದ್ದೂ ಅಲ್ಲ. ಬೆಳಗಿನ ಮೊದಲ ವಿಮಾನ ಹತ್ತುವ ನಾವು ನಮ್ಮ ಅರೆನಿದ್ದೆಯನ್ನೇ ಗೊಣಗುತ್ತೇವೆ. ಮುಂದೆ ಕೂತ ಇಬ್ಬರು ಯಾವಾಗ ಎದ್ದರು, ಏನು ತಿಂದರು, ಹೇಗೆ ಬಂದರು ಎಂದು ಕೇಳುವುದಿಲ್ಲ. ಎದುರು ಸಿಕ್ಕವರನ್ನೆಲ್ಲ ‘ಊಟ ಆಯ್ತಾ?’ ಎಂದೇ ಮಾತಾಡಿಸುವ ನಾಡಿನವರು ನಾವು. ಆ ಪ್ರಶ್ನೆಯನ್ನು ಕಾಕ್‌ಪಿಟ್ ಬಾಗಿಲಿನ ಆಚೆಗೂ ಕೇಳಿ ನೋಡೋಣ.

ಯಾವ ಖಾತೆಗೂ ಸೇರದ ಹೊತ್ತು

ಪೈಲಟ್‌ಗಳ ಬದುಕು ಗಂಟೆ–ನಿಮಿಷಗಳ ಲೆಕ್ಕದ ಪುಸ್ತಕ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಒಂದು ಕರ್ತವ್ಯ ಮುಗಿಸಿ ಇನ್ನೊಂದಕ್ಕೆ ಬರುವ ಮುನ್ನ, ಹಿಂದಿನ ಕರ್ತವ್ಯ ಎಷ್ಟು ಹೊತ್ತಿನದೋ ಅಷ್ಟು ಅಥವಾ 12 ಗಂಟೆ, ಯಾವುದು ಹೆಚ್ಚೋ ಅಷ್ಟು ವಿಶ್ರಾಂತಿ ಸಿಗಬೇಕು. ಹಲವು ಕಾಲವಲಯ ದಾಟಿ ಬಂದರೆ ಇನ್ನೂ ಹೆಚ್ಚು. ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗಿನ ಹೊತ್ತು ದೇಹದ ಚುರುಕು ಪಾತಾಳಕ್ಕಿಳಿಯುವ ಹೊತ್ತೆಂದು ನಿಯಮವೇ ಒಪ್ಪಿಕೊಂಡು, ಆಗಿನ ಹಾರಾಟಕ್ಕೆ ಬೇರೆ ಕಟ್ಟುಪಾಡು ಹಾಕಿದೆ. ಇದೆಲ್ಲವನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅಕ್ಷರಕ್ಕಿಳಿಸಿದೆ.

ಆ ಪುಟಗಳ ನಡುವೆ ಒಂದು ವಿಚಿತ್ರ ಸಾಲುಂಟು. ಪೈಲಟ್ ವಿಮಾನ ನಿಲ್ದಾಣಕ್ಕೆ ಹೋಗಿಬರುವ ಪ್ರಯಾಣದ ಹೊತ್ತನ್ನು ಕರ್ತವ್ಯವೆಂದೂ ಎಣಿಸುವಂತಿಲ್ಲ, ವಿಶ್ರಾಂತಿಯೆಂದೂ ಎಣಿಸುವಂತಿಲ್ಲ. ಆ ಪ್ರಯಾಣದಿಂದಾಗಿ ಕನಿಷ್ಠ ವಿಶ್ರಾಂತಿ ಕುಗ್ಗಬಾರದು, ದಾರಿಗೆ ಬೇಕಾದ ಹೊತ್ತನ್ನು ಕಂಪನಿಯೇ ಅಂದಾಜು ಮಾಡಿ ಸೇರಿಸಿ ಕೊಡಬೇಕು ಎಂಬ ಕಾಳಜಿಯೂ ಅದರ ಜೊತೆಗೇ ಇದೆ. ಆದರೂ ಆ ಸಾಲು ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ: ಕೆಲಸವೂ ಅಲ್ಲದ, ಬಿಡುವೂ ಅಲ್ಲದ ಹೊತ್ತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಗಂಟೆಯನ್ನು ಅಂದಾಜಿನ ಯಾವ ಕೋಷ್ಟಕದಲ್ಲಿ ಹುಡುಕುವುದು?

2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಏಳುತ್ತಿದ್ದವು. ಇಂದಿರಾನಗರದಲ್ಲಿ ಮನೆಯಿದ್ದ ಪೈಲಟ್‌ಗೆ ಡ್ಯೂಟಿಗೆ ಹೋಗುವುದೆಂದರೆ ತರಕಾರಿಗೆ ಹೋಗಿಬಂದಷ್ಟು ಸಲೀಸು. ಮೇ 24ಕ್ಕೆ ಹಾರಾಟವೆಲ್ಲ ದೇವನಹಳ್ಳಿಗೆ ಹೋಯಿತು. ಓಡುದಾರಿ ಉದ್ದವಾಯಿತು, ಜೊತೆಗೆ ಕಾರಿನ ದಾರಿಯೂ ಉದ್ದವಾಯಿತು. ಪಿಕಪ್ ಕಾರು ಒಂದೇ ಸುತ್ತಿನಲ್ಲಿ ಇಬ್ಬರು ಮೂವರನ್ನು ಹತ್ತಿಸಿಕೊಂಡು ಹೋಗುವುದಾದರೆ, ಮೊದಲು ಹತ್ತಿದವರ ನಿದ್ದೆಗೆ ಇನ್ನರ್ಧ ಗಂಟೆ ಕತ್ತರಿ.

ಇದೇ ಪೈಲಟ್ ಇನ್ನೊಂದು ಊರಿನಲ್ಲಿ ಕಾದಿರುವ ವಿಮಾನ ಹಾರಿಸಲೆಂದು ಪ್ರಯಾಣಿಕರ ಸೀಟಿನಲ್ಲಿ ಕೂತು ಹೋದರೆ ಮಾತ್ರ ಆ ಹೊತ್ತು ಕರ್ತವ್ಯದ ಖಾತೆಗೆ ಬೀಳುತ್ತದೆ. ಇದಕ್ಕೆ ‘ಪೊಸಿಷನಿಂಗ್’ ಎಂದು ಹೆಸರು. ಪೈಲಟ್‌ಗಳ ಬಾಯಲ್ಲಿ ಅದು ‘ಡೆಡ್‌ಹೆಡ್’. ಹಿಂದಿನ ಸಾಲಿನಲ್ಲಿ ಸಮವಸ್ತ್ರದಲ್ಲೇ ಬಾಯಿ ತೆರೆದು ನಿದ್ದೆ ಹೋದವರನ್ನು ನೀವೂ ಕಂಡಿರಬಹುದು. ಅವರು ಬಿಟ್ಟಿ ಪ್ರಯಾಣಿಕರಲ್ಲ, ಕೆಲಸದಲ್ಲಿರುವವರು. ಹೈದರಾಬಾದಿಗೆ ಆಕಾಶದಲ್ಲಿ ಕೂತು ಹೋದ ಒಂದು ಗಂಟೆ ಡ್ಯೂಟಿ, ಹೆಬ್ಬಾಳದಲ್ಲಿ ಕಾರಿನಲ್ಲಿ ಕೂತ ಒಂದು ಗಂಟೆ ಏನೂ ಅಲ್ಲ.

ಬಳ್ಳಾರಿಯ ನೈಟ್ ಹಾಲ್ಟ್

ನಮ್ಮ ಹಳ್ಳಿಗಳಿಗೆ ‘ನೈಟ್ ಹಾಲ್ಟ್’ ಎಂಬ ಮಾತು ಹೊಸದಲ್ಲ. ರಾತ್ರಿ ಎಂಟೂವರೆಯ ಕೊನೆಯ ಬಸ್ಸು ಊರ ಮುಂದಿನ ಅರಳಿಕಟ್ಟೆಯ ಬಳಿ ನಿಲ್ಲುತ್ತಿತ್ತು. ಡ್ರೈವರ್, ಕಂಡಕ್ಟರ್ ಬಸ್ಸಿನ ಸೀಟಿನಲ್ಲೋ ಗುಡಿಯ ಜಗಲಿಯಲ್ಲೋ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದರು. ಯಾರದೋ ಮನೆಯಿಂದ ಮುದ್ದೆ–ಸಾರೋ ರೊಟ್ಟಿ–ಪಲ್ಯವೋ ಬರುತ್ತಿತ್ತು. ಅದರಲ್ಲಿ ಧರ್ಮದಷ್ಟೇ ಲೆಕ್ಕಾಚಾರವೂ ಇತ್ತು. ರಾತ್ರಿ ಡ್ರೈವರ್ ಉಪವಾಸ ಬಿದ್ದರೆ ಬೆಳಿಗ್ಗೆ ಊರೇ ಪೇಟೆ ಮುಟ್ಟುವುದಿಲ್ಲ ಎಂಬುದು ಆ ಮನೆಯಾಕೆಗೆ ಗೊತ್ತಿತ್ತು. ಹೆದ್ದಾರಿ ಹೋಟೆಲಿನಲ್ಲಿ ಬಸ್ಸು ನಿಂತಾಗ ಸಿಬ್ಬಂದಿಗೆ ಒಳಕೋಣೆಯಲ್ಲಿ ಬಿಸಿ ಊಟ ಸಿಗುವುದೂ ಇಂಥದೇ ಒಂದು ವ್ಯವಹಾರ.

ವಿಮಾನದ ಮಂದಿ ಬಳಸುವುದೂ ಇದೇ ಪದವನ್ನು. ಭಾರತೀಯ ವಿಮಾನಯಾನದ ಬೇರಿಗೆ ಹೋದರೆ ನೈಟ್ ಹಾಲ್ಟ್ ಸಿಗುವುದು ನಮ್ಮ ಬಳ್ಳಾರಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆಚೀಲ ಹೊತ್ತು, ಅಹಮದಾಬಾದಿನಲ್ಲಿ ಇಳಿದು, ಮುಂಬೈ ಮುಟ್ಟಿದರು. ಅಹಮದಾಬಾದಿನಲ್ಲಿ ಆ ವಿಮಾನದ ಪೆಟ್ರೋಲು ಎತ್ತಿನಗಾಡಿಯಲ್ಲಿ ಬಂತು. ಮುಂಬೈನಿಂದ ಮುಂದಕ್ಕೆ ಚೀಲ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮದ್ರಾಸಿಗೆ ಹೊರಟ ಅವರು ಇರುಳು ಕಳೆದದ್ದು ಬಳ್ಳಾರಿಯಲ್ಲಿ, ಮದ್ರಾಸ್ ಸೇರಿದ್ದು ಮರುದಿನ. ಆ ಕಾಲದ ಪೈಲಟ್‌ಗೆ ಊರು ಸೇರುವುದೇ ಊಟದ ಹೊತ್ತು, ಕತ್ತಲಾಗುವುದೇ ಮಲಗುವ ಹೊತ್ತು. ರಾತ್ರಿ ಹಾರಲು ಬರದೇ ಇದ್ದದ್ದೇ ಅವರಿಗಿದ್ದ ದೊಡ್ಡ ರಕ್ಷಣೆ.

ಇಂದಿನ ನೈಟ್ ಹಾಲ್ಟ್ ಹೋಟೆಲಿನಲ್ಲಿ. ಕೋಣೆ ಹೇಗಿರಬೇಕೆಂಬುದಕ್ಕೂ ಡಿಜಿಸಿಎ ಮಾತುಂಟು: ಸದ್ದು ಕಡಿಮೆ ಇರಬೇಕು, ಗಾಳಿಯಾಡಬೇಕು, ಬೆಳಕು ಮತ್ತು ಸೆಕೆ–ಚಳಿ ಮಲಗುವವರ ಹಿಡಿತದಲ್ಲಿರಬೇಕು. ಅದಕ್ಕೇ ಪೈಲಟ್‌ಗಳು ಹೋಟೆಲಿನಲ್ಲಿ ಮೊದಲು ನೋಡುವುದು ಈಜುಕೊಳವನ್ನಲ್ಲ, ಪರದೆ ಎಷ್ಟು ದಪ್ಪ ಎಂಬುದನ್ನು. ಬೆಳಿಗ್ಗೆ ಎಂಟಕ್ಕೆ ಇಳಿದು ಮಧ್ಯಾಹ್ನವೆಲ್ಲ ಮಲಗಬೇಕಾದವರಿಗೆ ಪರದೆಯ ಸಂದಿನಿಂದ ಬೀಳುವ ಒಂದು ಬಿಸಿಲುಕೋಲು ಸಾಕು. ಊಟದ್ದು ಇನ್ನೊಂದು ಪಾಡು. ಹೋಟೆಲಿನ ಉಪಾಹಾರ ಹತ್ತೂವರೆಗೆ ಮುಗಿಯುತ್ತದೆ, ಇವರು ಏಳುವುದು ಸಂಜೆ ನಾಲ್ಕಕ್ಕೆ. ರಾತ್ರಿ ಊಟ ಏಳೂವರೆಗೆ ಶುರು, ಇವರ ಪಿಕಪ್ ಏಳಕ್ಕೆ. ಹೀಗಾಗಿ ಗಾಲಿಪೆಟ್ಟಿಗೆಯ ಮೂಲೆಯಲ್ಲಿ ಅವಲಕ್ಕಿ ಪೊಟ್ಟಣ, ಚಟ್ನಿಪುಡಿ, ನೀರು ಕಾಯಿಸುವ ಪುಟ್ಟ ಕೆಟಲ್ ಸೇರಿಕೊಳ್ಳುತ್ತವೆ.

ಎರಡು ತಟ್ಟೆ, ಎರಡು ಅಡುಗೆ

ಕ್ಯಾಪ್ಟನ್ ಕೋಳಿ ತಿಂದರೆ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಪನೀರ್ ತಿನ್ನಬೇಕು. ಎಷ್ಟೋ ವಿಮಾನ ಸಂಸ್ಥೆಗಳಲ್ಲಿ ಇದು ಕಟ್ಟುನಿಟ್ಟು. ಮೇಲ್ನೋಟಕ್ಕೆ ಮಡಿವಂತಿಕೆಯಂತೆ ಕಂಡರೂ ಇದರ ಹಿಂದಿರುವುದು ಭಯ. ಇಬ್ಬರೂ ಒಂದೇ ಪಾತ್ರೆಯ ಅಡುಗೆ ಉಂಡು ಅದು ಕೆಟ್ಟಿದ್ದರೆ, ವಿಮಾನ ಇಳಿಸುವವರು ಯಾರು? ಆರ್ಥರ್ ಹೇಲಿ 1956ರಲ್ಲಿ ಇದೇ ಭಯವನ್ನಿಟ್ಟು ಟಿ.ವಿ ನಾಟಕ ಬರೆದರು. ಅದು ಮರುವರ್ಷ ‘ಜೀರೋ ಅವರ್!’ ಸಿನಿಮಾ ಆಯಿತು. 1980ರಲ್ಲಿ ‘ಏರ್‌ಪ್ಲೇನ್!’ ಅದನ್ನೇ ಗೇಲಿ ಮಾಡಿ ಜಗತ್ತನ್ನು ನಗಿಸಿತು.

ನಿಜ ಜೀವನದಲ್ಲಿ ಅದು ನಗೆಯಾಗಿರಲಿಲ್ಲ. 1975ರ ಫೆಬ್ರುವರಿಯಲ್ಲಿ ಜಪಾನ್ ಏರ್‌ಲೈನ್ಸ್‌ನ ಜಂಬೊ ಜೆಟ್ ಒಂದು ಟೋಕಿಯೊದಿಂದ ಅಲಾಸ್ಕಾದ ಆಂಕರೇಜ್ ಮಾರ್ಗವಾಗಿ ಕೋಪನ್‌ಹೇಗನ್‌ಗೆ, ಅಲ್ಲಿಂದ ಪ್ಯಾರಿಸ್ಸಿಗೆ ಹೊರಟಿತ್ತು. ವಿಮಾನದಲ್ಲಿದ್ದ ಪ್ರಯಾಣಿಕರು 344 ಮಂದಿ. ಕೋಪನ್‌ಹೇಗನ್ ಹತ್ತಿರವಾಗುತ್ತಿದ್ದಂತೆ ಬೆಳಗಿನ ತಿಂಡಿಗೆ ಹಂದಿಮಾಂಸದ ಆಮ್ಲೆಟ್ ಬಡಿಸಿದರು. ಸ್ವಲ್ಪ ಹೊತ್ತಿಗೇ ವಾಂತಿ, ಭೇದಿ, ಹೊಟ್ಟೆನುಲಿತ. ಕಾಯಿಲೆ ಬಿದ್ದವರು 197, ಅದರಲ್ಲಿ ಆಸ್ಪತ್ರೆ ಸೇರಿದವರು 143. ಮೂಲ ಹುಡುಕಿದಾಗ ಸಿಕ್ಕಿದ್ದು ಆಂಕರೇಜ್ ಅಡುಗೆಮನೆಯ ಬಾಣಸಿಗರೊಬ್ಬರ ಬೆರಳಿನ ಕೀವುಗುಳ್ಳೆ. ಅಲ್ಲಿಂದ ಮಾಂಸಕ್ಕೆ ದಾಟಿದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ, ಆಹಾರವನ್ನು ಸರಿಯಾಗಿ ತಣ್ಣಗಿಡದ ಕಾರಣ ಬೆಳೆದು ವಿಷ ಕಾರಿತ್ತು. ಮತ್ತೆ ಬಿಸಿ ಮಾಡಿದರೂ ಆ ವಿಷ ನಾಶವಾಗುವುದಿಲ್ಲ.

ಪೈಲಟ್‌ಗಳು ಮಾತ್ರ ನೆಟ್ಟಗಿದ್ದರು. ಅವರು ಆಂಕರೇಜ್‌ನಲ್ಲಿ ಹತ್ತಿದ ಹೊಸ ತಂಡದವರು. ಪ್ರಯಾಣಿಕರಿಗೆ ಅದು ಬೆಳಗಾದರೆ ಇವರ ಹೊಟ್ಟೆಯ ಗಡಿಯಾರದಲ್ಲಿ ಇನ್ನೂ ರಾತ್ರಿ ಊಟದ ಹೊತ್ತು. ಆಮ್ಲೆಟ್ ಬೇಡವೆಂದು ಸ್ಟೇಕ್ ತಿಂದಿದ್ದರು. ಅಷ್ಟು ಜನರನ್ನು ಕಾಪಾಡಿದ್ದು ನಿಯಮವಲ್ಲ, ಹಸಿವು ಬೇರೆ ಹೊತ್ತಿಗೆ ಬಂದದ್ದು. 1984ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನಗಳ ಊಟದ ಮೇಲೆ ಸವರಿದ್ದ ಆಸ್ಪಿಕ್ ಎಂಬ ಮಾಂಸದ ಜೆಲ್ಲಿಯಲ್ಲಿ ಸಾಲ್ಮೊನೆಲ್ಲಾ ಸೇರಿಕೊಂಡು ನೂರಾರು ಪ್ರಯಾಣಿಕರ ಜೊತೆಗೆ ಸಿಬ್ಬಂದಿಯೂ ಮಲಗಿದರು. ಅದೃಷ್ಟ ದಿನವೂ ಡ್ಯೂಟಿಗೆ ಬರುವುದಿಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಇವತ್ತು ವಿಮಾನದ ಅಡುಗೆಮನೆಗಳು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಯಷ್ಟು ಶಿಸ್ತಿನವು. ಬೇಯಿಸಿದ ಪಲಾವನ್ನು ಬ್ಲಾಸ್ಟ್ ಚಿಲ್ಲರ್ ಎಂಬ ಕಪಾಟಿಗೆ ತಳ್ಳಿ ಬೇಗನೆ ತಣ್ಣಗಾಗಿಸುತ್ತಾರೆ, ತಣ್ಣಗೇ ವಿಮಾನಕ್ಕೆ ಸಾಗಿಸುತ್ತಾರೆ, ಮೇಲೆ ಓವನ್‌ನಲ್ಲಿ ಬಿಸಿ ಮಾಡುತ್ತಾರೆ. ‘ಕ್ರೂ’ ಎಂಬ ಚೀಟಿ ಹಚ್ಚಿದ ಪೊಟ್ಟಣಗಳು ಬೇರೆ. ಕೆಲವು ಅಗ್ಗದರದ ವಿಮಾನಗಳಲ್ಲಿ ತೂಕ ಉಳಿಸಲೆಂದು ಓವನ್ನನ್ನೇ ಇಟ್ಟಿರುವುದಿಲ್ಲ. ಅಲ್ಲಿ ಸಿಬ್ಬಂದಿಯ ಊಟವೂ ಆರಿದ್ದೇ.

ಡಬ್ಬಿಯ ಜಗಳ, ಕರ್ಜಿಕಾಯಿಯ ಪೇಚು

2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಿಸಿದಾಗ ಪ್ರಯಾಣಿಕರ ಬಿಟ್ಟಿ ಊಟ ಹೋಯಿತು, ಟಿಕೆಟ್ ದರ ಇಳಿಯಿತು, ಹವಾಯಿ ಚಪ್ಪಲಿ ಮೆಟ್ಟಿದವರೂ ವಿಮಾನ ಹತ್ತಿದರು. ಅಗ್ಗದ ಟಿಕೆಟ್ಟಿನ ಗುಟ್ಟು, ವಿಮಾನ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲಬಾರದು ಎಂಬುದು. ಅರ್ಧ ಗಂಟೆಯಲ್ಲಿ ಒಂದು ಲೋಡು ಇಳಿಸಿ, ಕಸ ಗುಡಿಸಿ, ಇಂಧನ ತುಂಬಿ, ಇನ್ನೊಂದು ಲೋಡು ಹತ್ತಿಸಬೇಕು. ಆ ಅರ್ಧ ಗಂಟೆಯಲ್ಲಿ ಪೈಲಟ್ ಮುಂದಿನ ಹಾರಾಟದ ಹವಾಮಾನ ಓದಬೇಕು, ಇಂಧನದ ಲೆಕ್ಕಕ್ಕೆ ಸಹಿ ಹಾಕಬೇಕು, ವಿಮಾನವನ್ನು ಸುತ್ತಿ ನೋಡಬೇಕು. ಅಲ್ಲಿಗೆ ಊಟ ಮೇಲಕ್ಕೆ ಹೋಯಿತು.

ಮೇಲಾದರೂ ಬಿಡುವುಂಟೇ? ಸಾಮಾನ್ಯವಾಗಿ 10,000 ಅಡಿಯ ಕೆಳಗೆ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧಪಡದ ಮಾತು, ಕೆಲಸ ಕೂಡದು. ತಿನ್ನುವುದಂತೂ ಇಲ್ಲವೇ ಇಲ್ಲ. ಬೆಂಗಳೂರಿನಿಂದ ಚೆನ್ನೈಗೆ ಹೋಗುವಾಗ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ. ನಡುವೆ ಸಿಗುವ ಹದಿನೈದು–ಇಪ್ಪತ್ತು ನಿಮಿಷದಲ್ಲಿ ಒಬ್ಬರು ವಿಮಾನ ನೋಡಿಕೊಳ್ಳಬೇಕು, ಇನ್ನೊಬ್ಬರು ತಿನ್ನಬೇಕು, ಆಮೇಲೆ ಪಾಳಿ ಬದಲಾಗಬೇಕು. ಊಟ ತರಲು ಗಗನಸಖಿ ಮೊದಲು ಇಂಟರ್‌ಕಾಮ್‌ನಲ್ಲಿ ಕೇಳಿ, ಕ್ಯಾಮೆರಾದಲ್ಲಿ ಮುಖ ತೋರಿಸಿದ ಮೇಲಷ್ಟೇ ಗುಂಡು ನಿರೋಧಕ ಬಾಗಿಲು ತೆರೆಯುತ್ತದೆ. ಕೆಲಸದ ಅವಧಿ ಆರು ಗಂಟೆ ಮೀರುವುದಾದರೆ ಊಟ, ಪಾನೀಯಕ್ಕೆ ಅವಕಾಶ ಇರಲೇಬೇಕೆಂದು ಯುರೋಪಿನ ನಿಯಮ ವಿಶೇಷವಾಗಿ ಒತ್ತಿ ಹೇಳುತ್ತದೆ. ನಾಲ್ಕು ಸೆಕ್ಟರಿನ, ಅಂದರೆ ನಾಲ್ಕು ಹಾರಾಟದ, ದಿನದಲ್ಲಿ ಅವಕಾಶ ಎಂಬುದು ತೆರೆದು ಮುಚ್ಚುವ ಕಿಟಕಿ.

ಎಲ್ಲಿಟ್ಟುಕೊಂಡು ತಿನ್ನುವುದು? ಏರ್‌ಬಸ್ ಎ320ರಲ್ಲಿ ಚುಕ್ಕಾಣಿ ಪಕ್ಕದಲ್ಲಿ ಪುಟ್ಟ ಕೋಲಿನಂತಿದೆ. ಎದುರು ಖಾಲಿ ಉಳಿದ ಜಾಗದಲ್ಲಿ ಎಳೆದು ಬಿಡಿಸುವ ಮೇಜು ಇಟ್ಟಿದ್ದಾರೆ. ಬೋಯಿಂಗ್ 737ರಲ್ಲಿ ಎದೆಯ ಮುಂದೆಯೇ ಚುಕ್ಕಾಣಿ ಕಂಬ, ಹಾಗಾಗಿ ತಟ್ಟೆ ತೊಡೆಯ ಮೇಲೆ. ಯಾವ ವಿಮಾನವಾದರೂ ನಡುವಿನ ಹಲಗೆಯ ಮೇಲೆ ಏನನ್ನೂ ಇಡಬಾರದು. 2019ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟ್‌ನಿಂದ ಮೆಕ್ಸಿಕೊದ ಕಾನ್‌ಕುನ್‌ಗೆ ಹೊರಟಿದ್ದ ಎ330 ವಿಮಾನದಲ್ಲಿ ಒಂದು ಲೋಟ ಕಾಫಿ ಧ್ವನಿ ಸಂಪರ್ಕದ ಗುಂಡಿಗಳ ಮೇಲೆ ಚೆಲ್ಲಿತು. ಗುಂಡಿಗಳು ಕಾದು ಕರಗಿ, ಹೊಗೆ ಎದ್ದು, ಅಟ್ಲಾಂಟಿಕ್ ಮೇಲಿದ್ದ ವಿಮಾನ 326 ಪ್ರಯಾಣಿಕರೊಂದಿಗೆ ಐರ್ಲೆಂಡಿನ ಶಾನನ್‌ಗೆ ಹಿಂತಿರುಗಬೇಕಾಯಿತು. 2023ರ ಹೋಳಿ ಹಬ್ಬದಂದು ದೆಹಲಿ–ಗುವಾಹಟಿ ಹಾರಾಟದಲ್ಲಿ ಸ್ಪೈಸ್‌ಜೆಟ್‌ನ ಇಬ್ಬರು ಪೈಲಟ್‌ಗಳು ಗುಜಿಯಾ, ಅಂದರೆ ನಮ್ಮ ಕರ್ಜಿಕಾಯಿಯ ಅಣ್ಣ, ಮೆಲ್ಲುತ್ತ ಕಾಫಿ ಲೋಟವನ್ನು ನಡುಹಲಗೆಯ ಮೇಲೆಯೇ ಇಟ್ಟಿದ್ದರು. ಚಿತ್ರ ಹೊರಬಿತ್ತು, ಇಬ್ಬರನ್ನೂ ಡ್ಯೂಟಿಯಿಂದ ಇಳಿಸಿದರು. ಹಬ್ಬದ ದಿನ ಕರ್ಜಿಕಾಯಿ ತಿಂದದ್ದು ತಪ್ಪಲ್ಲ, ಲೋಟ ಇಟ್ಟ ಜಾಗ ತಪ್ಪು.

ಇನ್ನೊಂದು ಪ್ರಸಂಗ ನಮ್ಮ ಬೆಂಗಳೂರಿನದೇ. 2019ರ ಮಾರ್ಚ್‌ನಲ್ಲಿ ಏರ್ ಇಂಡಿಯಾ ತನ್ನ ಪೈಲಟ್‌ಗಳಿಗೆ, ತಮಗೆ ಬೇಕಾದ ವಿಶೇಷ ಊಟ ತರಿಸಿಕೊಳ್ಳುವುದು ಬೇಡ, ಕಂಪನಿ ಗೊತ್ತು ಮಾಡಿದ್ದನ್ನೇ ತಿನ್ನಿ ಎಂದು ತಾಕೀತು ಮಾಡಿತ್ತು. ಮೂರು ತಿಂಗಳಿಗೆ, ಜೂನ್‌ನಲ್ಲಿ, ಕೋಲ್ಕತ್ತಕ್ಕೆ ಹೊರಡಬೇಕಿದ್ದ ಅದೇ ಸಂಸ್ಥೆಯ ವಿಮಾನದಲ್ಲಿ ಪೈಲಟ್ ಮನೆಯಿಂದ ತಂದ ಡಬ್ಬಿಯನ್ನು ತೊಳೆಯುವ ವಿಚಾರಕ್ಕೆ ಸಿಬ್ಬಂದಿಯೊಬ್ಬರ ಜೊತೆ ಮಾತಿಗೆ ಮಾತು ಬೆಳೆಯಿತು. ಇಬ್ಬರನ್ನೂ ಕೆಳಗಿಳಿಸಿ ಬೇರೆಯವರನ್ನು ಕರೆಸುವಷ್ಟರಲ್ಲಿ ಪ್ರಯಾಣಿಕರು ಗಂಟೆಗೂ ಹೆಚ್ಚು ಕಾದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅಂದು ಎರಡೂ ಕಾಲು ಮುರಿದುಕೊಂಡಿತು. ಸುದ್ದಿ ಓದಿ ನಕ್ಕವರು ಹೆಚ್ಚು. ವಿಮಾನದಲ್ಲಿ ಎಂಜಲು ಡಬ್ಬಿ ತೊಳೆಯುವುದು ಯಾರ ಕೆಲಸ ಎಂಬ ಪ್ರಶ್ನೆಗೆ ಕಂಪನಿಯ ಯಾವ ಕೈಪಿಡಿಯಲ್ಲಾದರೂ ಉತ್ತರ ಇರಬೇಕಿತ್ತಲ್ಲ ಎಂದು ಕೇಳಿದವರು ಕಡಿಮೆ.

ಅವರೆಕಾಳಿಗೆ ಆಕಾಶದಲ್ಲಿ ಜಾಗವಿಲ್ಲ

ಏನು ತಿನ್ನಬೇಕೆಂಬುದಕ್ಕಿಂತ ಏನು ತಿನ್ನಬಾರದೆಂಬುದು ಪೈಲಟ್‌ಗಳಿಗೆ ಬಾಯಿಪಾಠ. ವಿಮಾನ 35,000 ಅಡಿಯಲ್ಲಿದ್ದಾಗ ಒಳಗಿನ ಗಾಳಿಯ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಎಂಟು ಸಾವಿರ ಅಡಿಗೆ ಸಮವೆಂದರೆ ಹೊಟ್ಟೆಯೊಳಗಿನ ಗಾಳಿ ಮೂರನೇ ಒಂದು ಪಾಲು ಹಿಗ್ಗುತ್ತದೆ. ಚಿಪ್ಸ್ ಪೊಟ್ಟಣ ಉಬ್ಬುವ ಹಾಗೆಯೇ ಹೊಟ್ಟೆಯೂ. ಹೀಗಾಗಿ ಡಿಸೆಂಬರ್–ಜನವರಿಯಲ್ಲಿ ಬೆಂಗಳೂರೆಲ್ಲ ಹಿತಕಿದವರೆಯ ಸೊಗಡಿನಲ್ಲಿ ತೇಲುತ್ತಿದ್ದರೂ ಬೆಳಿಗ್ಗೆ ಹಾರುವವರು ರಾತ್ರಿಯ ಸಾರಿಗೆ ಕೈಮುಗಿಯುವುದು ಜಾಣತನ. ಮೂಲಂಗಿ, ಎಲೆಕೋಸು, ಕಡಲೆ, ಸೋಡಾ ಕೂಡ ಅದೇ ಪಟ್ಟಿಯವು. ಇಬ್ಬರೇ ಕೂರುವ ಕಿರುಕೋಣೆಯಲ್ಲಿ ಇದು ಸಹೋದ್ಯೋಗಿಯ ಮೇಲಿನ ದಯೆಯೂ ಹೌದು.

ಒಣಗಾಳಿಯಲ್ಲಿ ನಾಲಿಗೆ, ಮೂಗು ಮಂಕಾಗಿ ಉಪ್ಪು, ಸಿಹಿ ಸಪ್ಪೆ ಎನಿಸುತ್ತವೆ. ನೀರು ಹೆಚ್ಚು ಕುಡಿಯಬೇಕು. ಆದರೆ ಕುಡಿದರೆ ಹೊರಗೆ ಹೋಗಬೇಕು. ಹೋಗಬೇಕೆಂದರೆ ಗಗನಸಖಿಯನ್ನು ಕರೆದು ತನ್ನ ಬದಲಿಗೆ ಒಳಗೆ ನಿಲ್ಲಿಸಬೇಕು, ಮುಂಭಾಗದಲ್ಲಿ ಪ್ರಯಾಣಿಕರು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಷ್ಟೆಲ್ಲ ಗೊಡವೆ ಬೇಡವೆಂದು ನೀರನ್ನೇ ಬಿಟ್ಟವರಿಗೆ ಕಾದಿರುವುದು ಮೂತ್ರಪಿಂಡದ ಕಲ್ಲು. ಕಲ್ಲು ಸಿಕ್ಕರೆ ವೈದ್ಯಕೀಯ ಪ್ರಮಾಣಪತ್ರಕ್ಕೆ ತಡೆ, ಅದಿಲ್ಲದೆ ಹಾರಾಟವಿಲ್ಲ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಗೆ ಕನಸು ಹೊತ್ತು ತಪಾಸಣೆಗೆ ಬರುವ ಹುಡುಗ–ಹುಡುಗಿಯರಿಗೆ ಈ ವೃತ್ತಿಯಲ್ಲಿ ದೇಹವೇ ಬಂಡವಾಳವೆಂಬುದು ಮೊದಲ ದಿನವೇ ತಿಳಿಯುತ್ತದೆ.

ಹಾರುವ ಮುನ್ನ ಊದುವ ಪರೀಕ್ಷೆಯೊಂದಿದೆ. ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ. ಯಂತ್ರ ಸೊನ್ನೆಯನ್ನೇ ತೋರಿಸಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಪರವಾನಗಿ ಅಮಾನತು, ಎರಡನೆಯ ಸಲ ಮೂರು ವರ್ಷ, ಮೂರನೆಯ ಸಲ ರದ್ದು. ಆಲ್ಕೊಹಾಲ್ ಅಂಶವಿರುವ ಬಾಯಿ ಮುಕ್ಕಳಿಸುವ ದ್ರವವೂ ನಿಷಿದ್ಧವೆಂದು 2023ರಲ್ಲಿ ಸ್ಪಷ್ಟಪಡಿಸಲಾಯಿತು. 2025ರಲ್ಲಿ ಕೇರಳದ ಪಂದಳಂ ಡಿಪೊದ ಬಸ್ ಚಾಲಕರು ಹಲಸಿನ ತೊಳೆ ತಿಂದು ಇಂಥದೇ ಯಂತ್ರದಲ್ಲಿ ಕುಡುಕರಾದ ಸುದ್ದಿ ಬಂದಿತ್ತು. ಹಣ್ಣಾಗಿ ಹುಳಿಯುವ ಸಕ್ಕರೆಯ ಆಟ ಅದು. ತೂಬಗೆರೆ ಹಲಸಿನ ಸೀಮೆಯ ಮಗ್ಗುಲಲ್ಲೇ ನಿಲ್ದಾಣ ಇಟ್ಟುಕೊಂಡ ನಮ್ಮ ಪೈಲಟ್‌ಗಳು ಹಲಸಿನ ಕಾಲದಲ್ಲಿ ಎರಡು ಸಲ ಯೋಚಿಸಿದರೆ ನಗಬೇಡಿ.

ದಾರಿಯಲ್ಲಿ ಸವೆದವರು

ಇಷ್ಟೆಲ್ಲ ಊಟ, ಕಾರು, ಪರದೆಗಳ ಮಾತು ಕೊನೆಗೆ ಬಂದು ನಿಲ್ಲುವುದು ಒಂದು ಕಡೆಗೇ: ಗಾಲಿ ನೆಲ ಮುಟ್ಟುವ ಆ ಒಂದು ನಿಮಿಷ ಇವರ ತಲೆ ಎಷ್ಟು ಚುರುಕಾಗಿದೆ? 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೊ ಬಳಿ ಕೊಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತರು. ಫಸ್ಟ್ ಆಫೀಸರ್ ಡ್ಯೂಟಿಗೆ ಸೇರಲೆಂದೇ ಹಿಂದಿನ ರಾತ್ರಿಯಿಡೀ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ಕೂತು ದೇಶವನ್ನು ಅಡ್ಡಡ್ಡ ದಾಟಿ ಬಂದಿದ್ದಳು. ಕ್ಯಾಪ್ಟನ್ ರಾತ್ರಿ ಕಳೆದದ್ದು ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ. ಕಾಗದದ ಮೇಲೆ ಇಬ್ಬರೂ ವಿಶ್ರಾಂತಿಯಲ್ಲಿದ್ದರು. ಆ ದುರಂತದ ನಂತರ ಅಮೆರಿಕ ತನ್ನ ಪೈಲಟ್‌ಗಳ ದಣಿವಿನ ನಿಯಮಗಳನ್ನೇ ತಿರುಗಿ ಬರೆಯಿತು.

ಮರುವರ್ಷ, 2010ರ ಮೇ 22ರ ಮುಂಜಾವು, ನಮ್ಮ ಮಂಗಳೂರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಬೆಟ್ಟದ ತಲೆಯ ಮೇಲಿನ ಓಡುದಾರಿ ಮೀರಿ ಕಣಿವೆಗೆ ಉರುಳಿತು. 158 ಜನ ಬಲಿಯಾದರು, ಉಳಿದವರು ಎಂಟೇ ಮಂದಿ. ತುಳುನಾಡಿನ ಎಷ್ಟೋ ಮನೆಗಳಲ್ಲಿ ಆ ಬೆಳಗು ಇನ್ನೂ ಮುಗಿದಿಲ್ಲ. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹಾರಿದ್ದ ತಂಡವೇ ರಾತ್ರೋರಾತ್ರಿ ತಿರುಗಿ ಬರುತ್ತಿತ್ತು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್‌ರ ಗೊರಕೆ ದಾಖಲಾಗಿತ್ತು. ಇಳಿಯುವಾಗ ಫಸ್ಟ್ ಆಫೀಸರ್ ಮೂರು ಸಲ ಮತ್ತೆ ಮೇಲೇರುವಂತೆ ಹೇಳಿದರೂ ಕ್ಯಾಪ್ಟನ್ ವಿಮಾನವನ್ನು ಇಳಿಸಿದ್ದೇ ನೇರ ಕಾರಣವೆಂದ ತನಿಖೆ, ಆಳನಿದ್ದೆಯಿಂದ ಎದ್ದ ಜಡ, ದೇಹದ ಪಾತಾಳದ ಹೊತ್ತು ಅದಕ್ಕೆ ಕೈಜೋಡಿಸಿದ್ದನ್ನೂ ಗುರುತಿಸಿತು.

ನಮ್ಮ ನಿಯಮಗಳೂ ಬಿಗಿಯಾದವು, ಆದರೆ ನಿಧಾನಕ್ಕೆ. 2024ರ ಜನವರಿಯಲ್ಲಿ ಡಿಜಿಸಿಎ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿ ಎಂಬ ಲೆಕ್ಕವನ್ನು ಬೆಳಿಗ್ಗೆ ಆರರವರೆಗೆ ಚಾಚಿತು, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿತು. ಪೂರ್ತಿ ಜಾರಿಯಾಗುವಾಗ 2025ರ ನವೆಂಬರ್ ಬಂದಿತ್ತು. ಡಿಸೆಂಬರ್ ಮೊದಲ ವಾರ ಸಾಕಷ್ಟು ಪೈಲಟ್‌ಗಳನ್ನು ಹೊಂದಿಸಲಾಗದ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿ, ನಿಲ್ದಾಣಗಳೆಲ್ಲ ಸೂಟ್‌ಕೇಸಿನ ಸಂತೆಯಾದವು. ಸರ್ಕಾರ ಕೆಲವು ಕಟ್ಟುಪಾಡುಗಳನ್ನು ಸಡಿಲಿಸಿತು. ಮದುವೆ ತಪ್ಪಿಸಿಕೊಂಡವರ, ಸಂದರ್ಶನ ತಪ್ಪಿಸಿಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ಮೊದಲ ಸಲ ಪ್ರಯಾಣಿಕರಿಗೂ ಒಂದು ವಿಷಯ ಕಣ್ಣಿಗೆ ಕಂಡಿತು: ಟಿಕೆಟ್ಟಿನ ಮೇಲಿನ ಸಮಯ ನಿಂತಿರುವುದು ಯಾರದೋ ನಿದ್ದೆಯ ಮೇಲೆ.

ಸವಲತ್ತು ಎಲ್ಲರಿಗೂ ಒಂದೇ ಅಲ್ಲ. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬೋಯಿಂಗ್ 777 ವಿಮಾನವನ್ನು ಎಲ್ಲಿಯೂ ನಿಲ್ಲಿಸದೆ ಹಾರಿಸಿ ತಂದಾಗ, ಪಾಳಿಯಲ್ಲಿ ಮಲಗಲು ಪ್ರಯಾಣಿಕರ ತಲೆಯ ಮೇಲಿನ ಗುಪ್ತ ಕೋಣೆಯಲ್ಲಿ ಹಾಸಿಗೆಗಳಿದ್ದವು. ನಮ್ಮ ಜಯನಗರದ ಕ್ಯಾಪ್ಟನ್‌ಗೆ ಅದಿಲ್ಲ. ಅವಳ ಎ320ಯಲ್ಲಿ ಇಬ್ಬರಿಗೆ ಎರಡು ಕುರ್ಚಿ, ಎರಡು ಮೇಜು, ಅಷ್ಟೇ. ಬೆಂಗಳೂರು, ಪುಣೆ, ಮತ್ತೆ ಬೆಂಗಳೂರು, ಕೊಚ್ಚಿ, ಮತ್ತೆ ಬೆಂಗಳೂರು. ಅಮ್ಮನ ಚಪಾತಿ–ಪಲ್ಯ ತೆರೆದದ್ದು ಎರಡನೆಯ ಸೆಕ್ಟರಿನಲ್ಲಿ, ಮುಗಿದದ್ದು ನಾಲ್ಕನೆಯದರಲ್ಲಿ.

ಮಧ್ಯಾಹ್ನ ಎರಡಕ್ಕೆ ಅವಳು ಹೊರಬಂದಾಗ ಕಾದಿದ್ದದ್ದು ಅದೇ ಬಿಳಿ ಕಾರು. ಅದೇ ಚಾಲಕ. ಅವಳನ್ನು ನಸುಕಿನಲ್ಲಿ ಇಳಿಸಿದ ಮೇಲೆ ಆತ ಇನ್ನೂ ಮೂರು ಟ್ರಿಪ್ ಹೊಡೆದಿದ್ದಾನೆ. ವಾಹನ ಚಾಲಕರು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಯಬಾರದೆಂದು 1961ರಲ್ಲೇ ಕಾಯ್ದೆಯಾಗಿತ್ತು. ಆದರೆ ಅವನನ್ನು ಸ್ಟಿಯರಿಂಗ್ ಮುಟ್ಟುವ ಮುನ್ನ ಊದಿಸುವವರಿಲ್ಲ, ರೋಸ್ಟರ್ ತಿರುವಿ ನೋಡುವವರಿಲ್ಲ, ಕೋಣೆಯ ಪರದೆ ಎಷ್ಟು ದಪ್ಪ ಎಂದು ಕೇಳುವವರಿಲ್ಲ. ನಿಮಿಷ ನಿಮಿಷ ಲೆಕ್ಕವಿಟ್ಟು ಕಾಪಾಡಿದ ಆ ನಾಲ್ಕು ಪಟ್ಟಿಯ ನಿದ್ದೆ, ನಲವತ್ತು ಕಿಲೋಮೀಟರ್ ಉದ್ದಕ್ಕೂ ನಿಂತಿರುವುದು ಲೆಕ್ಕವೇ ಇಲ್ಲದ ಇವನ ಕಣ್ಣೆವೆಯ ಮೇಲೆ.

ಸಾದಹಳ್ಳಿ ದಾಟುವಾಗ ಅವಳಿಗೆ ಮಂಪರು ಹತ್ತುತ್ತಿತ್ತು. ಕನ್ನಡಿಯಲ್ಲಿ ಅವನ ಕೆಂಪು ಕಣ್ಣು ಕಂಡವು.

‘ಅಣ್ಣಾ, ಊಟ ಆಯ್ತಾ?’

‘ನಿನ್ನೆ ರಾತ್ರಿ ಆಯ್ತು ಮೇಡಂ.’

‘ಎಲ್ಲಾದ್ರೂ ನಿಲ್ಲಿಸಿ. ನಂದೂ ಇನ್ನೊಂದು ಕಾಫಿ ಆಗ್ಲಿ.’